ಬಣ್ಣದ ಮೂಲಕ ಔಷಧಗಳ ಗುಣಮಟ್ಟ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫಾರ್ಮಸಿ ಮತ್ತು ರಸಾಯನಶಾಸ್ತ್ರದ ವಿದ್ಯಾರ್ಥಿಗಳು, ಅವರ ಅಧ್ಯಾಪಕರು, ಆಸ್ಪತ್ರೆಯ ಔಷಧ ಉಗ್ರಾಣ ನೋಡಿಕೊಳ್ಳುವವರು ಮತ್ತು ಸಣ್ಣ ತಯಾರಿಕಾ ಘಟಕಗಳ ಪ್ರಯೋಗಾಲಯ ಸಿಬ್ಬಂದಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಔಷಧದ ಪರೀಕ್ಷೆಗೆ ಲಕ್ಷಾಂತರ ರೂಪಾಯಿಯ ಯಂತ್ರವೇ ಬೇಕೆಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಕೆಲವು ಪ್ರಶ್ನೆಗಳಿಗೆ ಆ ಯಂತ್ರ ಬೇಕೇ ಬೇಕು. ಇನ್ನು ಕೆಲವಕ್ಕೆ ದ್ರಾವಣದ ಬಣ್ಣದ ಗಾಢತೆ ಅಳೆಯುವ ಸಣ್ಣ ಉಪಕರಣ, ಅಂದರೆ ಕಲರಿಮೀಟರ್, ಸಾಕು. ಯಾವುದು ಯಾವುದಕ್ಕೆ ಎಂಬುದೇ ಮುಖ್ಯ ವಿಚಾರ.

ಬಣ್ಣ ಆಧಾರಿತ ಪರೀಕ್ಷೆ ಎಂದರೆ ಏನು?

ಬಹುಪಾಲು ಔಷಧಗಳ ದ್ರಾವಣಕ್ಕೆ ಸ್ವಂತ ಬಣ್ಣವಿಲ್ಲ. ಮಾತ್ರೆಯಲ್ಲಿರುವ ಔಷಧವನ್ನು ದ್ರಾವಣಕ್ಕೆ ತಂದು, ಅದರ ಅಣುವಿನ ಒಂದು ನಿರ್ದಿಷ್ಟ ಭಾಗದೊಂದಿಗೆ ವರ್ತಿಸುವ ಕಾರಕವನ್ನು ಸೇರಿಸಿ, ಆಗ ಹುಟ್ಟುವ ಬಣ್ಣವನ್ನು ಕಣ್ಣಿನಿಂದ ನೋಡುವುದು ಅಥವಾ ಉಪಕರಣದಿಂದ ಅಳೆಯುವುದು ಈ ವಿಧಾನದ ತಿರುಳು. ಕಣ್ಣಿನಿಂದ ನೋಡಿದಾಗ ಔಷಧ ಇದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಎಷ್ಟಿದೆ ಎಂಬುದಕ್ಕೆ ಉಪಕರಣ ಬೇಕು. ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಅನೇಕ ತಪ್ಪು ತೀರ್ಮಾನಗಳು ಹುಟ್ಟುತ್ತವೆ.

ಬಣ್ಣದಿಂದ ಪ್ರಮಾಣ ಹೇಗೆ ಗೊತ್ತಾಗುತ್ತದೆ?

ಕಾಫಿಯ ಡಿಕಾಕ್ಷನ್ ಗಟ್ಟಿಯಾದಷ್ಟೂ ಗಾಜಿನ ಲೋಟದ ಆಚೆಗಿನದು ಮಸುಕಾಗುತ್ತದೆ. ಇದೇ ಅನುಭವಕ್ಕೆ ಲೆಕ್ಕದ ರೂಪ ಕೊಟ್ಟದ್ದು ಬಿಯರ್-ಲ್ಯಾಂಬರ್ಟ್ ನಿಯಮ: ನಿರ್ದಿಷ್ಟ ತರಂಗಾಂತರದ ಬೆಳಕನ್ನು ದ್ರಾವಣ ಹೀರುವ ಅಳತೆ, ಅಂದರೆ ಅಬ್ಸಾರ್ಬೆನ್ಸ್, ಬಣ್ಣದ ವಸ್ತುವಿನ ಸಾರತೆಗೂ (ದ್ರಾವಣದಲ್ಲಿ ಅದು ಎಷ್ಟು ಬೆರೆತಿದೆ ಎಂಬುದಕ್ಕೂ) ಬೆಳಕು ಹಾದುಹೋಗುವ ದಾರಿಯ ಉದ್ದಕ್ಕೂ ನೇರ ಅನುಪಾತದಲ್ಲಿರುತ್ತದೆ. ದ್ರಾವಣ ತುಂಬಿಸಿ ಉಪಕರಣದೊಳಗೆ ಇಡುವ ಸಣ್ಣ ಪಾತ್ರೆಯ, ಅಂದರೆ ಕ್ಯೂವೆಟ್‌ನ, ಅಗಲ ಒಂದು ಸೆಂಟಿಮೀಟರ್ ಎಂದು ನಿಗದಿಯಾಗಿರುವುದರಿಂದ ಉಳಿಯುವುದು ಸಾರತೆ ಮಾತ್ರ. ಗೊತ್ತಿರುವ ಸಾರತೆಯ ಐದಾರು ದ್ರಾವಣಗಳ ಅಬ್ಸಾರ್ಬೆನ್ಸ್ ಅಳೆದು ನಕ್ಷೆ ಬರೆದರೆ ಸರಳರೇಖೆ ಬರಬೇಕು. ಗೊತ್ತಿಲ್ಲದ ದ್ರಾವಣದ ಬೆಲೆಯನ್ನು ಆ ರೇಖೆಯಿಂದ ಓದಿಕೊಳ್ಳಬಹುದು. ದ್ರಾವಣ ತುಂಬಾ ಗಾಢವಾದರೆ ರೇಖೆ ಬಾಗುತ್ತದೆ. ಆದ್ದರಿಂದ ಅಬ್ಸಾರ್ಬೆನ್ಸ್ ಸುಮಾರು 0.2 ಮತ್ತು 0.8ರ ನಡುವೆ ಇರುವಂತೆ ತೆಳುಗೊಳಿಸಿಕೊಳ್ಳುವುದು ಒಳ್ಳೆಯ ರೂಢಿ. ಕಲರಿಮೀಟರ್‌ನಲ್ಲಿ ಫಿಲ್ಟರ್ ಆರಿಸುವಾಗ ದ್ರಾವಣದ ಬಣ್ಣದ್ದನ್ನೇ ಆರಿಸುವ ವಿದ್ಯಾರ್ಥಿಗಳಿದ್ದಾರೆ. ಆರಿಸಬೇಕಾದದ್ದು ದ್ರಾವಣ ಹೀರಿಕೊಳ್ಳುವ ಬಣ್ಣವನ್ನು. ಕಿತ್ತಳೆ-ಕೆಂಪು ದ್ರಾವಣಕ್ಕೆ 510 ನ್ಯಾನೋಮೀಟರ್ ಆಸುಪಾಸಿನ ನೀಲಿ-ಹಸಿರು ಫಿಲ್ಟರ್ ಬೇಕು.

ಎಚ್‌ಪಿಎಲ್‌ಸಿ ಇರುವಾಗ ಈ ಹಳೆಯ ವಿಧಾನ ಏಕೆ?

ಎಚ್‌ಪಿಎಲ್‌ಸಿ ಯಂತ್ರ ಮಿಶ್ರಣದಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುತ್ತದೆ, ಬಣ್ಣದ ವಿಧಾನ ಬೇರ್ಪಡಿಸುವುದಿಲ್ಲ. ಈ ವ್ಯತ್ಯಾಸ ದೊಡ್ಡದು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಎಚ್‌ಪಿಎಲ್‌ಸಿಯ ಬೆಲೆ ಹಲವು ಲಕ್ಷ ರೂಪಾಯಿ; ಕಾಲಂ, ಶುದ್ಧ ಅಸಿಟೋನೈಟ್ರೈಲ್, ನಿರಂತರ ವಿದ್ಯುತ್, ವಾರ್ಷಿಕ ನಿರ್ವಹಣಾ ಒಪ್ಪಂದ ಮತ್ತು ತರಬೇತಿ ಪಡೆದ ಸಿಬ್ಬಂದಿಯ ಖರ್ಚು ಅದರ ಮೇಲೆ. ಕಲರಿಮೀಟರ್ ಸಾವಿರಗಳ ಲೆಕ್ಕದಲ್ಲಿ ಸಿಗುತ್ತದೆ, ಕೆಟ್ಟರೆ ಊರಲ್ಲೇ ರಿಪೇರಿಯಾಗುತ್ತದೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಸುಮಾರು ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. ಅಷ್ಟು ದೊಡ್ಡ ಮಾರುಕಟ್ಟೆಯ ಪ್ರತಿ ಬ್ಯಾಚನ್ನೂ ದೊಡ್ಡ ಯಂತ್ರದ ಮುಂದೆ ತರುವುದು ಯಾವ ಸರ್ಕಾರಕ್ಕೂ ಸಾಧ್ಯವಾಗಿಲ್ಲ. ಮೊದಲು ಅಗ್ಗದ ಜರಡಿಯಲ್ಲಿ ಸೋಸಿ, ಅನುಮಾನ ಬಂದದ್ದನ್ನು ಮುಂದಕ್ಕೆ ಕಳುಹಿಸುವುದೇ ಬಣ್ಣದ ವಿಧಾನಕ್ಕೆ ಸಲ್ಲುವ ಸ್ಥಾನ.

ಆರಂಭದಿಂದ ಕೊನೆಯವರೆಗೆ ಒಂದು ನಿಜವಾದ ಉದಾಹರಣೆಯನ್ನು ವಿವರಿಸುವಿರಾ?

ನಮ್ಮ ಆರೋಗ್ಯ ಕೇಂದ್ರ, ಶಾಲೆಗಳ ಮೂಲಕ ಹಂಚುವ ಕಬ್ಬಿಣಾಂಶದ ಮಾತ್ರೆಯನ್ನೇ ತೆಗೆದುಕೊಳ್ಳೋಣ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿಯೂ, ಹದಿಹರೆಯದವರಿಗೆ ಕೊಡುವ ನೀಲಿ ಮಾತ್ರೆಯಲ್ಲಿಯೂ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರಬೇಕು.

ಇಪ್ಪತ್ತು ಮಾತ್ರೆಗಳನ್ನು ತೂಗಿ, ಒಂದರ ಸರಾಸರಿ ತೂಕ ಕಂಡುಕೊಂಡು, ಎಲ್ಲವನ್ನೂ ಒಟ್ಟಿಗೆ ನುಣ್ಣಗೆ ಅರೆಯಬೇಕು. ಒಂದೇ ಮಾತ್ರೆಯನ್ನು ಕರಗಿಸಿ ಇಡೀ ಬ್ಯಾಚಿನ ಮೇಲೆ ತೀರ್ಪು ಕೊಡಬಾರದು. ಒಂದು ಮಾತ್ರೆಯ ಸರಾಸರಿ ತೂಕದಷ್ಟು ಪುಡಿಯನ್ನು ತೂಗಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, 100 ಮಿಲಿಲೀಟರ್ ವಾಲ್ಯೂಮೆಟ್ರಿಕ್ ಫ್ಲಾಸ್ಕ್‌ನಲ್ಲಿ ಗುರುತಿನವರೆಗೆ ತುಂಬಿ, ಕರಗದೆ ಉಳಿದ ಟಾಲ್ಕ್ ಮತ್ತು ಪಿಷ್ಟವನ್ನು ಸೋಸಬೇಕು. ಮಾತ್ರೆ ಸರಿಯಿದ್ದರೆ ಈ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 600 ಮೈಕ್ರೋಗ್ರಾಂ ಕಬ್ಬಿಣ ಇರುತ್ತದೆ. ಇದರಿಂದ 5 ಮಿಲಿಲೀಟರ್ ತೆಗೆದು 100ಕ್ಕೆ ತೆಳುಗೊಳಿಸಿದರೆ 30 ಮೈಕ್ರೋಗ್ರಾಂ. ಅದರಿಂದ ಮತ್ತೆ 5 ಮಿಲಿಲೀಟರನ್ನು 50 ಮಿಲಿಲೀಟರ್ ಫ್ಲಾಸ್ಕ್‌ಗೆ ಹಾಕಿ, ಮೊದಲು ಹೈಡ್ರಾಕ್ಸಿಲಮೀನ್ ಹೈಡ್ರೋಕ್ಲೋರೈಡ್, ನಂತರ 1,10-ಫಿನಾಂತ್ರೋಲಿನ್, ಕೊನೆಗೆ ಸೋಡಿಯಂ ಅಸಿಟೇಟ್ ಸೇರಿಸಿ ಗುರುತಿನವರೆಗೆ ನೀರು ತುಂಬಬೇಕು. ಹೈಡ್ರಾಕ್ಸಿಲಮೀನ್ ಫೆರಿಕ್ ಕಬ್ಬಿಣವನ್ನು ಫೆರಸ್ ರೂಪಕ್ಕೆ ಇಳಿಸುತ್ತದೆ. ಫೆರಸ್ ಅಯಾನಿಗೆ ಮೂರು ಫಿನಾಂತ್ರೋಲಿನ್ ಅಣುಗಳು ಅಂಟಿಕೊಂಡು ಕಿತ್ತಳೆ-ಕೆಂಪು ಸಂಕೀರ್ಣ ಹುಟ್ಟುತ್ತದೆ. ಅಸಿಟೇಟ್ ಆಮ್ಲೀಯತೆಯನ್ನು ತಗ್ಗಿಸಿ ಬಣ್ಣ ಪೂರ್ತಿಯಾಗಿ ಬರುವಂತೆ ನೋಡಿಕೊಳ್ಳುತ್ತದೆ. ಹದಿನೈದು ನಿಮಿಷ ಬಿಟ್ಟು 510 ನ್ಯಾನೋಮೀಟರಿನಲ್ಲಿ ಅಳೆಯಬೇಕು. ಪ್ರತಿ ಮಿಲಿಲೀಟರಿಗೆ 3 ಮೈಕ್ರೋಗ್ರಾಂ ಕಬ್ಬಿಣವಿದ್ದರೆ ಅಬ್ಸಾರ್ಬೆನ್ಸ್ ಸುಮಾರು 0.60 ಬರುತ್ತದೆ.

ಹೋಲಿಕೆಗೆ ಮಾನಕ ದ್ರಾವಣ ಬೇಕು. ಫೆರಸ್ ಅಮೋನಿಯಂ ಸಲ್ಫೇಟ್, ಅಂದರೆ ಮೋರ್ ಲವಣ, 0.7022 ಗ್ರಾಂ ತೂಗಿ ಸ್ವಲ್ಪ ಆಮ್ಲ ಸೇರಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಪ್ರತಿ ಮಿಲಿಲೀಟರಿನಲ್ಲಿ 100 ಮೈಕ್ರೋಗ್ರಾಂ ಕಬ್ಬಿಣವಿರುತ್ತದೆ. ಇದನ್ನು ತೆಳುಗೊಳಿಸಿ ಇದೇ ಕಾರಕಗಳೊಂದಿಗೆ ಬಣ್ಣ ಬರಿಸಬೇಕು. ಮಾನಕ 0.60 ತೋರಿ, ಮಾತ್ರೆಯ ದ್ರಾವಣ 0.54 ತೋರಿದರೆ, ಮಾತ್ರೆಯಲ್ಲಿರುವುದು 54 ಮಿಲಿಗ್ರಾಂ, ಅಂದರೆ ಲೇಬಲ್‌ನ ಶೇಕಡಾ 90.

ಒಂದು ಸೂಕ್ಷ್ಮವನ್ನು ಇಲ್ಲೇ ಹೇಳಬೇಕು. ಹೈಡ್ರಾಕ್ಸಿಲಮೀನ್ ಹಾಕಿ ಅಳೆದಾಗ ಒಟ್ಟು ಕಬ್ಬಿಣ ಸಿಗುತ್ತದೆ. ಅದನ್ನು ಹಾಕದೆ, ಬೆಳಕು ತಗುಲದಂತೆ ನೋಡಿಕೊಂಡು ಬೇಗನೆ ಅಳೆದರೆ ಫೆರಸ್ ರೂಪದಲ್ಲಿ ಉಳಿದದ್ದು ಮಾತ್ರ ತಿಳಿಯುತ್ತದೆ. ಎರಡರ ನಡುವೆ ಅಂತರ ಹೆಚ್ಚಿದ್ದರೆ, ಮಾತ್ರೆ ಗಾಳಿ ಮತ್ತು ತೇವಕ್ಕೆ ಸಿಕ್ಕಿ ಫೆರಿಕ್ ಆಗಿದೆ ಎಂದು ಅನುಮಾನಿಸಬೇಕು. ಫೆರಿಕ್ ಕಬ್ಬಿಣವನ್ನು ದೇಹ ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಉಗ್ರಾಣಗಳಲ್ಲಿ ದಾಸ್ತಾನು ಇಡುವವರಿಗೆ ಈ ಒಂದು ಅಳತೆ ತುಂಬಾ ಉಪಯುಕ್ತ, ಅದಕ್ಕೆ ಹೆಚ್ಚುವರಿ ಖರ್ಚೂ ಇಲ್ಲ.

ಮಾತ್ರೆಯ ಲೇಪದ ಕೆಂಪು, ನೀಲಿ ಬಣ್ಣ ಅಳತೆಯನ್ನು ಕೆಡಿಸುವುದಿಲ್ಲವೇ?

ಕೆಡಿಸಬಹುದು. ಮೇಲಿನ ಉದಾಹರಣೆಯಲ್ಲಿ ದ್ರಾವಣವನ್ನು ತುಂಬಾ ತೆಳುಗೊಳಿಸುವುದರಿಂದ ಲೇಪದ ಬಣ್ಣದ ಪಾಲು ಸಣ್ಣದಾಗುತ್ತದೆ, ಆದರೂ ಊಹೆಗೆ ಬಿಡಬಾರದು. ಫಿನಾಂತ್ರೋಲಿನ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಹಾಕಿದ ಮಾತ್ರೆಯ ದ್ರಾವಣವನ್ನೇ ಬ್ಲ್ಯಾಂಕ್ ಆಗಿ (ಉಪಕರಣವನ್ನು ಸೊನ್ನೆಗೆ ಹೊಂದಿಸುವ ದ್ರಾವಣವಾಗಿ) ಇಟ್ಟುಕೊಂಡರೆ ಲೇಪದ ಬಣ್ಣ ಕಳೆದುಹೋಗುತ್ತದೆ. ಬರೀ ನೀರನ್ನು ಬ್ಲ್ಯಾಂಕ್ ಮಾಡುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಬೇಕು.

ಅದೇ ಮಾತ್ರೆಯ ಫೋಲಿಕ್ ಆಮ್ಲವನ್ನೂ ಹೀಗೆ ಅಳೆಯಬಹುದೇ?

ಅಳೆಯಬಹುದು, ಆದರೆ ಕಷ್ಟ ಹೆಚ್ಚು. ಕಬ್ಬಿಣ 60 ಮಿಲಿಗ್ರಾಂ ಇರುವಲ್ಲಿ ಫೋಲಿಕ್ ಆಮ್ಲ ಅರ್ಧ ಮಿಲಿಗ್ರಾಂ ಮಾತ್ರ. ಹಳೆಯ ವಿಧಾನದಲ್ಲಿ ಸತು ಮತ್ತು ಆಮ್ಲದಿಂದ ಅದರ ಅಣುವನ್ನು ಸೀಳಿ, ಬಿಡುಗಡೆಯಾದ ಅಮೈನ್ ಭಾಗವನ್ನು ಡಯಜೋಟೀಕರಿಸಿ (ನೈಟ್ರಸ್ ಆಮ್ಲದಿಂದ ಬಣ್ಣ ಹುಟ್ಟಿಸಬಲ್ಲ ರೂಪಕ್ಕೆ ತಂದು) ಗುಲಾಬಿ ಬಣ್ಣ ಬರಿಸುತ್ತಾರೆ. ಮೊದಲು ಕಬ್ಬಿಣವನ್ನು ಬೇರ್ಪಡಿಸಿಕೊಳ್ಳದಿದ್ದರೆ ಫಲಿತಾಂಶವನ್ನು ನಂಬುವಂತಿಲ್ಲ. ಹೊಸಬರು ಇಲ್ಲಿಂದ ಆರಂಭಿಸಬಾರದು.

ಇಂತಹ ಬೇರೆ ಯಾವ ವರ್ಣಕ್ರಿಯೆಗಳು ನಂಬಿಕೆಗೆ ಅರ್ಹ?

ಸಲ್ಫಾ ಔಷಧಗಳಿಗೆ 1939ರಲ್ಲಿ ಪ್ರಕಟವಾದ ಬ್ರ್ಯಾಟನ್-ಮಾರ್ಷಲ್ ವಿಧಾನ ಇಂದಿಗೂ ಚಾಲ್ತಿಯಲ್ಲಿದೆ. ನೈಟ್ರಸ್ ಆಮ್ಲದಿಂದ ಔಷಧವನ್ನು ಡಯಜೋಟೀಕರಿಸಿ, ಉಳಿದ ನೈಟ್ರೈಟನ್ನು ಸಲ್ಫಮಿಕ್ ಆಮ್ಲದಿಂದ ನಾಶಪಡಿಸಿ, ನ್ಯಾಫ್ತೈಲ್ ಎಥಿಲೀನ್ ಡೈಅಮೀನ್ ಸೇರಿಸಿದರೆ ಕಡು ಗುಲಾಬಿ ಬಣ್ಣ ಬರುತ್ತದೆ. ಅದನ್ನು 540 ನ್ಯಾನೋಮೀಟರ್ ಆಸುಪಾಸಿನಲ್ಲಿ ಅಳೆಯುತ್ತಾರೆ.

ಆಸ್ಪಿರಿನ್‌ನ ವಿಷಯ ಇನ್ನೂ ಸ್ವಾರಸ್ಯಕರ. ಫೆರಿಕ್ ಕ್ಲೋರೈಡ್ ಹಾಕಿದಾಗ ನೇರಳೆ ಬಣ್ಣ ಕೊಡುವುದು ಸ್ಯಾಲಿಸಿಲಿಕ್ ಆಮ್ಲ. ಕೆಡದ ಆಸ್ಪಿರಿನ್‌ನಲ್ಲಿ ಮುಕ್ತ ಫಿನಾಲ್ ಗುಂಪು ಇಲ್ಲದ ಕಾರಣ ಆ ಬಣ್ಣ ಬರುವುದಿಲ್ಲ. ತೇವ ತಗುಲಿ ಆಸ್ಪಿರಿನ್ ಒಡೆದಾಗ ಸ್ಯಾಲಿಸಿಲಿಕ್ ಆಮ್ಲವೂ ಅಸಿಟಿಕ್ ಆಮ್ಲವೂ ಹುಟ್ಟುತ್ತವೆ, ಹಳೆಯ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬರುವುದು ಇದರಿಂದ. ಹಾಗಾಗಿ ಇಲ್ಲಿ ಬಣ್ಣ ಹೆಚ್ಚಾದಷ್ಟೂ ಮಾತ್ರೆ ಕೆಟ್ಟಿದೆ ಎಂದು ತಿಳಿಯಬೇಕು. ಕ್ಷಾರದಲ್ಲಿ ಪೂರ್ತಿ ಒಡೆದು ಅಳೆದರೆ ಮಾತ್ರ ಒಟ್ಟು ಪ್ರಮಾಣ ಗೊತ್ತಾಗುತ್ತದೆ. ಕಾರಕ ಯಾವ ಗುಂಪಿನೊಂದಿಗೆ ವರ್ತಿಸುತ್ತಿದೆ ಎಂಬುದನ್ನು ತಿಳಿಯದೆ ಬಣ್ಣವನ್ನು ಓದಹೊರಟರೆ ಉತ್ತರ ತಲೆಕೆಳಗಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೈಸೂರು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊ. ಕೆ. ಬಸವಯ್ಯ ಮತ್ತು ಅವರ ವಿದ್ಯಾರ್ಥಿಗಳು ಈ ಕ್ಷೇತ್ರದಲ್ಲಿ ಬಹಳಷ್ಟು ಕೆಲಸ ಮಾಡಿದ್ದಾರೆ. ಅವರು ಹಲವು ಔಷಧಗಳಿಗೆ ಬಳಸಿದ ಒಂದು ಉಪಾಯ ಬ್ರೋಮೇಟ್-ಬ್ರೋಮೈಡ್ ಮಿಶ್ರಣದ್ದು. ಆಮ್ಲದಲ್ಲಿ ಈ ಮಿಶ್ರಣದಿಂದ ಬ್ರೋಮಿನ್ ಹುಟ್ಟುತ್ತದೆ. ಅದರ ಒಂದು ಪಾಲನ್ನು ಔಷಧ ಬಳಸಿಕೊಳ್ಳುತ್ತದೆ. ಮಿಕ್ಕ ಬ್ರೋಮಿನ್ ಮೀಥೈಲ್ ಆರೆಂಜ್ ಅಥವಾ ಇಂಡಿಗೊ ಕಾರ್ಮೈನ್ ಬಣ್ಣವನ್ನು ಅಳಿಸುತ್ತದೆ. ಔಷಧ ಹೆಚ್ಚಿದ್ದಷ್ಟೂ ಮಿಗುವ ಬ್ರೋಮಿನ್ ಕಡಿಮೆ, ಉಳಿಯುವ ಬಣ್ಣ ಹೆಚ್ಚು. ಕಾರಕಗಳೆಲ್ಲ ಪದವಿ ಕಾಲೇಜಿನ ಕಪಾಟಿನಲ್ಲಿ ಇರುವಂಥವೇ. ಆದರೆ ಬ್ರೋಮಿನ್ ಔಷಧಕ್ಕೂ ಮಾತ್ರೆ ಕಟ್ಟಲು ಅದರೊಂದಿಗೆ ಬೆರೆಸುವ ಸಹವಸ್ತುವಿಗೂ ಭೇದ ಮಾಡುವುದಿಲ್ಲ, ಆದ್ದರಿಂದ ಈ ವಿಧಾನವನ್ನು ಗೊತ್ತಿರುವ ಸೂತ್ರದ ಮಾತ್ರೆಗಳಿಗಷ್ಟೇ ಬಳಸಬೇಕು.

ಬಣ್ಣ ಸರಿಯಾಗಿ ಬಂದರೆ ಔಷಧ ಸರಿಯಿದೆ ಎಂದು ತಿಳಿಯಬಹುದೇ?

ತಿಳಿಯಬಾರದು. ಬಣ್ಣ ಬರದಿದ್ದರೆ, ಅಥವಾ ತೀರಾ ಕಡಿಮೆ ಬಂದರೆ, ಏನೋ ತಪ್ಪಿದೆ ಎಂದು ಧೈರ್ಯವಾಗಿ ಹೇಳಬಹುದು. ಬಣ್ಣ ಸರಿಯಾಗಿ ಬಂದಾಗ ಹೇಳಬಹುದಾದದ್ದು ಬಹಳ ಕಡಿಮೆ: ಕಾರಕದೊಂದಿಗೆ ವರ್ತಿಸುವ ವಸ್ತು ಇಷ್ಟಿದೆ, ಅಷ್ಟೇ.

ಇದಕ್ಕೆ ಇತಿಹಾಸದಲ್ಲಿ ಸಾಕಷ್ಟು ಸಾಕ್ಷಿಯಿದೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್‌ನ ದ್ರವ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಅನೇಕರಿದ್ದರು. ಕೊಂದದ್ದು ಸಲ್ಫಾನಿಲಮೈಡ್ ಆಗಿರಲಿಲ್ಲ, ಅದನ್ನು ಕರಗಿಸಲು ಬಳಸಿದ ಡೈಎಥಿಲೀನ್ ಗ್ಲೈಕಾಲ್. ಆ ಸೀಸೆಯನ್ನು ಬ್ರ್ಯಾಟನ್-ಮಾರ್ಷಲ್ ವಿಧಾನಕ್ಕೆ ಒಡ್ಡಿದ್ದರೆ ಗುಲಾಬಿ ಬಣ್ಣ ಚೆನ್ನಾಗಿಯೇ ಬರುತ್ತಿತ್ತು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿದಾಗಲೂ ಪತ್ತೆಯಾದದ್ದು ಇದೇ ಜಾತಿಯ ವಿಷ. ಅದನ್ನು ಖಚಿತವಾಗಿ ಗುರುತಿಸಿ ಅಳೆಯಲು ವಸ್ತುಗಳನ್ನು ಆವಿಯ ರೂಪದಲ್ಲಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ನಂತರ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟ ಪ್ರಶ್ನೆಗೆ ಒಳಗಾಯಿತು. ರಕ್ತನಾಳಕ್ಕೆ ಹೋಗುವ ದ್ರಾವಣದಲ್ಲಿ ನೋಡಬೇಕಾದದ್ದು ಸೂಕ್ಷ್ಮಜೀವಿಗಳು ಮತ್ತು ಬ್ಯಾಕ್ಟೀರಿಯಾಗಳಿಂದ ಬರುವ ಎಂಡೋಟಾಕ್ಸಿನ್ ಎಂಬ ವಿಷ. ಇಲ್ಲಿ ವಿವರಿಸಿದ ಯಾವ ವರ್ಣಕ್ರಿಯೆಯೂ ಅವನ್ನು ತೋರಿಸದು.

ಇನ್ನೊಂದು ಪಾಠ ಆಗ್ನೇಯ ಏಷ್ಯಾದ್ದು. ಅಲ್ಲಿ ಮಲೇರಿಯಾ ಔಷಧ ಆರ್ಟಿಸುನೇಟ್‌ನ ನಕಲಿಗಳು ಹರಡಿದಾಗ, ಫಾಸ್ಟ್ ರೆಡ್ ಟಿಆರ್ ಎಂಬ ಕಾರಕದಿಂದ ಹಳದಿ ಬಣ್ಣ ಬರಿಸುವ ಸರಳ ಪರೀಕ್ಷೆಯನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮೈಕೆಲ್ ಗ್ರೀನ್ ಮತ್ತು ಸಂಗಡಿಗರು ರೂಪಿಸಿದರು. ಔಷಧವೇ ಇಲ್ಲದ ಮಾತ್ರೆಗಳು ಅದರಲ್ಲಿ ಸುಲಭವಾಗಿ ಸಿಕ್ಕಿಬಿದ್ದವು. ಮುಂದೆ ಕೆಲವು ನಕಲಿಗಳಲ್ಲಿ ಅಲ್ಪ ಪ್ರಮಾಣದ ಆರ್ಟಿಸುನೇಟ್ ಕಂಡುಬಂತು. ರೋಗ ಗುಣಪಡಿಸಲು ಅದು ಸಾಲದು, ಕಣ್ಣಿಗೆ ಬಣ್ಣ ಕಾಣಿಸಲು ಸಾಕಾಗಬಹುದಿತ್ತು. ಆದ್ದರಿಂದ ಬಣ್ಣ ಬಂತು ಎಂದು ನಿಲ್ಲಿಸದೆ ಎಷ್ಟು ಬಂತು ಎಂದು ಅಳೆಯುವುದು ಅಗತ್ಯ.

ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೆಯೇ ಎಂಬುದನ್ನು ಇದು ಹೇಳುತ್ತದೆಯೇ?

ನೇರವಾಗಿ ಹೇಳುವುದಿಲ್ಲ. ಅದಕ್ಕೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸುವ ಡಿಸಲ್ಯೂಷನ್ ಪರೀಕ್ಷೆ ಬೇರೆಯೇ ಇದೆ. ಅದರಿಂದ ಹೊರತೆಗೆದ ದ್ರಾವಣವನ್ನು ಅಳೆಯುವ ಹಂತದಲ್ಲಿ ಬಣ್ಣದ ವಿಧಾನವನ್ನು ಬಳಸಬಹುದು.

ಕಾಗದದ ಕಾರ್ಡ್ ಮತ್ತು ಸೂಟ್‌ಕೇಸ್ ಪ್ರಯೋಗಾಲಯಗಳ ಬಗ್ಗೆ ಕೇಳಿದ್ದೇವೆ. ಅವು ಎಷ್ಟು ಉಪಯುಕ್ತ?

ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಮಾರ್ಯಾ ಲೀಬರ್‌ಮನ್ ತಂಡ ರೂಪಿಸಿದ ಕಾಗದದ ಕಾರ್ಡಿನಲ್ಲಿ ಹನ್ನೆರಡು ಓಣಿಗಳಿವೆ. ಪ್ರತಿ ಓಣಿಯಲ್ಲಿ ಬೇರೆ ಬೇರೆ ಕಾರಕಗಳು ಒಣಗಿ ಕೂತಿರುತ್ತವೆ. ಮಾತ್ರೆಯ ಪುಡಿಯನ್ನು ಅಡ್ಡಲಾಗಿ ಉಜ್ಜಿ ಕಾರ್ಡಿನ ಅಂಚನ್ನು ನೀರಿನಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಓಣಿಗಳಲ್ಲಿ ಬಣ್ಣಗಳ ಒಂದು ವಿನ್ಯಾಸ ಮೂಡುತ್ತದೆ. ಒಂದೇ ಬಣ್ಣವನ್ನು ನೆಚ್ಚದೆ ಹನ್ನೆರಡರ ವಿನ್ಯಾಸವನ್ನು ನೋಡುವುದರಿಂದ ಪಿಷ್ಟ, ಸೀಮೆಸುಣ್ಣದಂತಹ ಬೆರಕೆಗಳೂ ಸಿಕ್ಕಿಬೀಳುತ್ತವೆ. ಇದು ಜಾಣತನದ ವಿನ್ಯಾಸ. ಪ್ರಮಾಣದಲ್ಲಿನ ಸಣ್ಣ ಕೊರತೆ ಮಾತ್ರ ಅದಕ್ಕೆ ಕಾಣಿಸದು.

ಜರ್ಮನಿಯ ಗ್ಲೋಬಲ್ ಫಾರ್ಮಾ ಹೆಲ್ತ್ ಫಂಡ್ ಒದಗಿಸುವ ಸೂಟ್‌ಕೇಸ್ ಪ್ರಯೋಗಾಲಯವಾದ ಮಿನಿಲ್ಯಾಬ್‌ನಲ್ಲಿ, ತೆಳು ಪದರದ ಮೇಲೆ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ತಿನ್ ಲೇಯರ್ ಕ್ರೊಮ್ಯಾಟೊಗ್ರಫಿಯೂ ಸೇರಿದೆ. ಮಾನಕದ ಶೇಕಡಾ 100 ಮತ್ತು ಶೇಕಡಾ 80ರ ಚುಕ್ಕೆಗಳ ಪಕ್ಕದಲ್ಲಿ ಮಾತ್ರೆಯ ಚುಕ್ಕೆಯನ್ನು ಇಟ್ಟು ಹೋಲಿಸುತ್ತಾರೆ. ಜಿಲ್ಲಾ ಮಟ್ಟದ ಉಗ್ರಾಣಕ್ಕೆ ಬಣ್ಣದ ಪರೀಕ್ಷೆಯೊಂದಿಗೆ ಇದನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಣ್ಣದ ವಿಧಾನಕ್ಕೆ ಇಲ್ಲದ ಬೇರ್ಪಡಿಸುವ ಶಕ್ತಿ ಇದಕ್ಕಿದೆ.

ಮೊಬೈಲ್ ಕ್ಯಾಮೆರಾದಿಂದ ಬಣ್ಣ ಅಳೆಯಬಹುದೇ?

ಷರತ್ತುಗಳಿವೆ. ಮೊಬೈಲ್ ತಾನಾಗಿಯೇ ಬೆಳಕನ್ನೂ ಬಣ್ಣದ ಸಮತೋಲವನ್ನೂ ತಿದ್ದುತ್ತದೆ, ಚಿತ್ರ ಚೆನ್ನಾಗಿ ಕಾಣಲೆಂದು ಮಾಡುವ ಈ ತಿದ್ದುಪಡಿ ಅಳತೆಗೆ ಶತ್ರು. ಹೊರಗಿನ ಬೆಳಕು ಬೀಳದ ಪೆಟ್ಟಿಗೆ, ಒಳಗೆ ಸ್ಥಿರವಾದ ಎಲ್‌ಇಡಿ ದೀಪ, ಕೈಯಿಂದ ನಿಗದಿಪಡಿಸಿದ ಕ್ಯಾಮೆರಾ ಸೆಟ್ಟಿಂಗ್, ಮತ್ತು ಒಂದೇ ಚಿತ್ರದಲ್ಲಿ ಮಾನಕ ದ್ರಾವಣಗಳ ಸಾಲು ಇದ್ದರೆ ಸ್ಥೂಲವಾದ ಅಂದಾಜು ಸಿಗುತ್ತದೆ.

ಹೊಸ ವಿಧಾನವನ್ನು ನಂಬುವ ಮೊದಲು ಏನೇನು ಪರಿಶೀಲಿಸಬೇಕು?

ಔಷಧಗಳ ತಾಂತ್ರಿಕ ನಿಯಮಗಳನ್ನು ಏಕರೂಪಗೊಳಿಸುವ ಅಂತರರಾಷ್ಟ್ರೀಯ ಮಂಡಳಿಯಾದ ಐಸಿಎಚ್‌ನ ಕ್ಯೂ2 ಮಾರ್ಗಸೂಚಿ ಇದನ್ನು ವಿವರವಾಗಿ ಹೇಳುತ್ತದೆ. ಸರಳರೇಖೆಗೆ ಕನಿಷ್ಠ ಐದು ಸಾರತೆಗಳು, ನಿಖರತೆಗೆ ಮೂರು ಮಟ್ಟಗಳಲ್ಲಿ ಒಟ್ಟು ಒಂಬತ್ತು ಅಳತೆಗಳು, ಪತ್ತೆಯ ಮಿತಿಗೆ ಪ್ರಮಾಣಿತ ವಿಚಲನೆಯ 3.3 ಪಟ್ಟನ್ನು ರೇಖೆಯ ಇಳಿಜಾರಿನಿಂದ ಭಾಗಿಸಿದ ಬೆಲೆ, ಅಳತೆಯ ಮಿತಿಗೆ 10 ಪಟ್ಟು. ಇವೆಲ್ಲ ಪ್ರಬಂಧಗಳಲ್ಲಿ ತಪ್ಪದೆ ಕಾಣಿಸುತ್ತವೆ. ಕಾಣಿಸದೇ ಹೋಗುವುದು ಹೆಚ್ಚಾಗಿ ನಿರ್ದಿಷ್ಟತೆ. ಔಷಧವಿಲ್ಲದೆ ಬರೀ ಸಹವಸ್ತುಗಳನ್ನು ಬೆರೆಸಿ ಪರೀಕ್ಷಿಸಿ ಬಣ್ಣ ಬರುವುದಿಲ್ಲ ಎಂದು ತೋರಿಸಬೇಕು. ಔಷಧವನ್ನು ಆಮ್ಲ, ಕ್ಷಾರ, ಶಾಖ, ಪೆರಾಕ್ಸೈಡ್‌ಗೆ ಒಡ್ಡಿ ಬೇಕೆಂದೇ ಕೆಡಿಸಿ, ಕೆಟ್ಟ ಔಷಧವೂ ಅದೇ ಬಣ್ಣ ಕೊಡುತ್ತದೆಯೇ ಎಂದು ನೋಡಬೇಕು. ಕೆಟ್ಟದ್ದೂ ಒಳ್ಳೆಯದೂ ಒಂದೇ ಬಣ್ಣ ಕೊಡುವ ವಿಧಾನ, ಎಷ್ಟೇ ಅಂದವಾದ ಸರಳರೇಖೆ ಬಂದರೂ, ಹಳೆಯ ದಾಸ್ತಾನನ್ನು ಪರೀಕ್ಷಿಸಲು ಬಾರದು.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಉಪಕರಣದಲ್ಲಿ ಉಳಿಸಬಹುದು. ತಕ್ಕಡಿ, ವಾಲ್ಯೂಮೆಟ್ರಿಕ್ ಗಾಜಿನ ಸಾಮಾನು ಮತ್ತು ಮಾನಕ ವಸ್ತುವಿನಲ್ಲಿ ಉಳಿಸಬಾರದು. ಔಷಧಗಳ ಗುಣಮಟ್ಟ ನಿಗದಿಪಡಿಸುವ ಅಧಿಕೃತ ಗ್ರಂಥವಾದ ಭಾರತೀಯ ಫಾರ್ಮಕೋಪಿಯದ ಪ್ರಕಾರ ಪ್ಯಾರಸಿಟಮಾಲ್ ಮಾತ್ರೆಯಲ್ಲಿ ಲೇಬಲ್‌ನ ಶೇಕಡಾ 95ರಿಂದ 105ರಷ್ಟು ಔಷಧವಿರಬೇಕು. ತಕ್ಕಡಿಯಲ್ಲಿ ಶೇಕಡಾ ಎರಡು, ಪಿಪೆಟ್‌ನಲ್ಲಿ ಶೇಕಡಾ ಎರಡು ಹೆಚ್ಚುಕಡಿಮೆಯಾದರೆ ಒಳ್ಳೆಯ ಮಾತ್ರೆ ಫೇಲಾಗಬಹುದು, ಕಳಪೆಯದು ಪಾಸಾಗಬಹುದು. ಮಾನಕ ವಸ್ತುಗಳನ್ನು ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯ ಆಯೋಗದಿಂದ ಪಡೆಯಬಹುದು. ಅಂಗಡಿಯಿಂದ ತಂದ ಮತ್ತೊಂದು ಬ್ರ್ಯಾಂಡಿನ ಮಾತ್ರೆಯನ್ನೇ ಮಾನಕವೆಂದು ಇಟ್ಟುಕೊಳ್ಳುವುದು ಸಲ್ಲದು.

ಕಾರಕಗಳ ಆಯ್ಕೆಯಲ್ಲೂ ಯೋಚಿಸಬೇಕಾದದ್ದಿದೆ. ಬ್ರೋಮೋಕ್ರೆಸಾಲ್ ಗ್ರೀನ್‌ನಂತಹ ಬಣ್ಣಗಳೊಂದಿಗೆ ಔಷಧವನ್ನು ಜೋಡಿಸಿ ಕ್ಲೋರೋಫಾರ್ಮ್‌ಗೆ ಎಳೆದುಕೊಳ್ಳುವ ವಿಧಾನಗಳು ನೂರಾರು ಪ್ರಕಟವಾಗಿವೆ. ಕಾಗದದ ಮೇಲೆ ಅವು ಅಗ್ಗ. ಗಾಳಿಯಾಡದ ಕೊಠಡಿಯಲ್ಲಿ ವಿದ್ಯಾರ್ಥಿಗಳು ದಿನವಿಡೀ ಕ್ಲೋರೋಫಾರ್ಮ್ ಉಸಿರಾಡುವ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ನೀರಿನಲ್ಲೇ ನಡೆಯುವ ಪರ್ಯಾಯವಿದ್ದರೆ ಅದನ್ನೇ ಆರಿಸಬೇಕು.

ಮನೆಯಲ್ಲಿ ಈ ಪರೀಕ್ಷೆ ಮಾಡಬಹುದೇ?

ಬೇಡ. ಕಾರಕಗಳು ಅಪಾಯಕಾರಿ. ತಪ್ಪು ಫಲಿತಾಂಶ ನಂಬಿ ವೈದ್ಯರು ಬರೆದ ಔಷಧವನ್ನು ನಿಲ್ಲಿಸುವುದು ಅದಕ್ಕಿಂತಲೂ ಅಪಾಯಕಾರಿ.

ಕಾಲೇಜಿನ ಪರೀಕ್ಷೆಯಲ್ಲಿ ಒಂದು ಔಷಧ ಕಳಪೆ ಎಂದು ಕಂಡರೆ ಮುಂದೇನು?

ಮೊದಲು ಹೊಸದಾಗಿ ತೂಗಿ, ಹೊಸ ಕಾರಕದಿಂದ, ಸಾಧ್ಯವಾದರೆ ಬೇರೊಬ್ಬರ ಕೈಯಿಂದ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಆಗಲೂ ಅದೇ ಫಲಿತಾಂಶ ಬಂದರೆ ತಯಾರಕರ ಹೆಸರನ್ನು ಸಾಮಾಜಿಕ ಜಾಲತಾಣಕ್ಕೆ ಹಾಕುವ ಬದಲು ಔಷಧ ನಿಯಂತ್ರಕರ ಕಚೇರಿಗೆ ಬರೆಯಬೇಕು. ಕಾಲೇಜಿನ ವರದಿಗೆ ಕಾನೂನಿನಲ್ಲಿ ಸಾಕ್ಷ್ಯದ ಬಲವಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯಡಿ ಔಷಧ ಪರಿವೀಕ್ಷಕರು ವಿಧಿಬದ್ಧವಾಗಿ ಮಾದರಿ ಪಡೆದು, ಅದನ್ನು ಭಾಗಗಳಾಗಿ ವಿಂಗಡಿಸಿ ಮೊಹರು ಹಾಕಿ, ಸರ್ಕಾರಿ ವಿಶ್ಲೇಷಕರಿಗೆ ಕಳುಹಿಸುತ್ತಾರೆ. ವಿಶ್ಲೇಷಕರ ವರದಿಯನ್ನು ಪ್ರಶ್ನಿಸಿದರೆ ನ್ಯಾಯಾಲಯ ಮಾದರಿಯನ್ನು ಕೋಲ್ಕತ್ತದ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕರ್ನಾಟಕದಲ್ಲಿ ಸರ್ಕಾರಿ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ ಮತ್ತು ಬಳ್ಳಾರಿಯಲ್ಲಿವೆ.

ಬಹಳ ಜನಕ್ಕೆ ತಿಳಿಯದ ಒಂದು ಅವಕಾಶ ಅದೇ ಕಾಯ್ದೆಯ 26ನೇ ಸೆಕ್ಷನ್‌ನಲ್ಲಿದೆ. ಔಷಧ ಕೊಂಡ ಯಾವುದೇ ವ್ಯಕ್ತಿ, ಅಥವಾ ಮಾನ್ಯತೆ ಪಡೆದ ಗ್ರಾಹಕ ಸಂಘ, ನಿಗದಿತ ಅರ್ಜಿ ಮತ್ತು ಶುಲ್ಕದೊಂದಿಗೆ ಅದನ್ನು ಸರ್ಕಾರಿ ವಿಶ್ಲೇಷಕರಿಗೆ ಕೊಟ್ಟು ಸಹಿ ಮಾಡಿದ ವರದಿ ಪಡೆಯಬಹುದು. ಅದಕ್ಕಾಗಿ ಬಿಲ್ಲು, ಬ್ಯಾಚ್ ಸಂಖ್ಯೆ ಕಾಣುವ ಸ್ಟ್ರಿಪ್, ಮತ್ತು ಅದೇ ಬ್ಯಾಚಿನ ತೆರೆಯದ ಮಾತ್ರೆಗಳನ್ನು ತಂಪಾದ ಒಣ ಜಾಗದಲ್ಲಿ ತೆಗೆದಿಟ್ಟುಕೊಂಡಿರಬೇಕು.